ನಡುವಿನ ಸ್ವರ

ನಮ್ಮ ಕಡೆ ಪೇಟಿಯ ಕೀಗಳಿಗೆ ಹೆಸರಿಲ್ಲ. ಬಣ್ಣ ಇದೆ, ನಂಬರು ಇದೆ. ಹಾಡುವವರು ಬಂದು ಕುಳಿತ ಕೂಡಲೇ ಪೇಟಿ ಮಾಸ್ತರು 'ಯಾವುದರಾಗ ಹಾಡ್ತೀರಿ?' ಎಂದು ಕೇಳುತ್ತಾರೆ. 'ಕರಿ ಒಂದು' ಎಂದೋ 'ಬಿಳಿ ನಾಲ್ಕು' ಎಂದೋ ಉತ್ತರ ಬರುತ್ತದೆ. ಆ ಕೀ ಅಂದಿನ ರಾತ್ರಿಗೆ 'ಸ' ಆಗುತ್ತದೆ. ಉಳಿದವೆಲ್ಲ ಅದರ ಲೆಕ್ಕದಲ್ಲಿ ರಿ, ಗ, ಮ ಆಗುತ್ತವೆ. ನಾಳೆ ಬೇರೆಯವರು ಬಂದು ಬೇರೆ ಶ್ರುತಿ ಹೇಳಿದರೆ ನಿನ್ನೆಯ 'ಸ' ಇಂದು 'ನಿ' ಆದರೂ ಆದೀತು. ಹೀಗೆ ತಲೆಮಾರುಗಳಿಂದ ಭಜನೆ ನಡೆದಿದೆ, ದೊಡ್ಡಾಟ ನಡೆದಿದೆ, ಜಾತ್ರೆಯ ನಾಟಕಗಳು ನಡೆದಿವೆ. ಯಾರಿಗೂ ತೊಂದರೆಯಾಗಿಲ್ಲ.

ತೊಂದರೆ ಶುರುವಾದದ್ದು ಕೀಬೋರ್ಡ್ ಬಂದ ಮೇಲೆ. ಲಿಂಗಸುಗೂರಿನಲ್ಲಿ ಡಿಗ್ರಿ ಓದುವ ನಮ್ಮ ಓಣಿಯ ಹುಡುಗನೊಬ್ಬ ಸಿಂಧನೂರಿನಲ್ಲಿ ಯಾರೋ ಮಾರುತ್ತಿದ್ದ ಹಳೆಯ ಕೀಬೋರ್ಡ್ ಕೊಂಡು ತಂದ. ನಾನು ಮಸ್ಕಿಯ ಭಜನೆಯಲ್ಲಿ ಪೇಟಿ ಹಿಡಿಯುವವನು ಎಂದು ಸೀದಾ ನನ್ನ ಹತ್ತಿರ ಬಂದ. ಅವನ ಮೊಬೈಲಿನಲ್ಲಿ ಹಾಡಿನ ಪ್ರತಿ ಸಾಲಿನ ನೆತ್ತಿಯ ಮೇಲೂ ಇಂಗ್ಲಿಷ್ ಅಕ್ಷರಗಳು: ಸಿ, ಎ ಮೈನರ್, ಎಫ್, ಜಿ ಸೆವೆನ್.

'ಕಾಕಾ, ಇವು ಎಷ್ಟು ಕಾರ್ಡ್ ಅದಾವ? ಎಲ್ಲಾ ಬಾಯಿಪಾಠ ಮಾಡಬೇಕೇನು?'

ಬಾಯಿಪಾಠಕ್ಕೆ ಕುಳಿತರೆ ಕಷ್ಟವೇ. ಒಂದು ಸಪ್ತಕದಲ್ಲಿ ಕರಿ ಬಿಳಿ ಸೇರಿ 12 ಕೀ. ಒಂದೊಂದರ ಮೇಲೂ ಮೇಜರ್, ಮೈನರ್, ಸೆವೆನ್ ಎಂದು ಹತ್ತಾರು ಬಗೆ. ಆದರೆ ಕಾರ್ಡಿನ ಹೆಸರು ಅಂಕಿತನಾಮಕ್ಕಿಂತ ಹೆಚ್ಚಾಗಿ ಊರಿಗೆ ದಾರಿ ಹೇಳಿದ ಹಾಗೆ. ದಾರಿ ಗೊತ್ತಾದರೆ ಬಾಯಿಪಾಠ ಬೇಕಿಲ್ಲ. ಅದಕ್ಕೇ ಅವನಿಗೆ ನಮ್ಮ ರಸ್ತೆಯನ್ನೇ ಉದಾಹರಣೆ ಕೊಟ್ಟೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ನಡುವೆ ಮಸ್ಕಿಯಲ್ಲಿ ನಿಲ್ಲುತ್ತದೆ. ಕಾರ್ಡ್ ಎಂದರೂ ಇಷ್ಟೇ, ಮೂರು ನಿಲ್ದಾಣ. ನೀನು ಹೊರಡುವ ಕೀ ಸಿಂಧನೂರು. ಅಲ್ಲಿಂದ ಕರಿ ಬಿಳಿ ಎಂದು ನೋಡದೆ ಪ್ರತಿ ಕೀಯನ್ನೂ ಒಂದು ಹೆಜ್ಜೆ ಎಂದು ಎಣಿಸುತ್ತ 7 ಹೆಜ್ಜೆ ಹೋದರೆ ಲಿಂಗಸುಗೂರು. ನಡುವಿನ ಮಸ್ಕಿ 4 ಹೆಜ್ಜೆಗೆ ಸಿಕ್ಕರೆ ಅದು ಮೇಜರ್. ಬಿಳಿ ಒಂದರಿಂದ ಹೊರಟರೆ 4 ಹೆಜ್ಜೆಗೆ ಬಿಳಿ ಮೂರು, ಇನ್ನೂ 3 ಹೆಜ್ಜೆಗೆ ಬಿಳಿ ಐದು. ನಮ್ಮ ಭಾಷೆಯಲ್ಲಿ ಸ, ಗ, ಪ. ಅವರ ಭಾಷೆಯಲ್ಲಿ ಸಿ ಮೇಜರ್. ಈಗ ಸಿಂಧನೂರು ಲಿಂಗಸುಗೂರುಗಳನ್ನು ಇದ್ದಲ್ಲೇ ಬಿಟ್ಟು ಮಸ್ಕಿಯನ್ನು ಮಾತ್ರ ಒಂದು ಹೆಜ್ಜೆ ಸಿಂಧನೂರಿನ ಕಡೆ ಸರಿಸು. ಬಿಳಿ ಮೂರರ ಬದಲು ಕರಿ ಎರಡು. ಶುದ್ಧ ಗಾಂಧಾರ ಹೋಗಿ ಕೋಮಲ ಗಾಂಧಾರ ಬಂತು, ಮೇಜರ್ ಹೋಗಿ ಮೈನರ್ ಬಂತು. ಎರಡು ತುದಿಗಳೂ ಅಲುಗಿಲ್ಲ. ಹಾಡಿನ ಬಣ್ಣವನ್ನು ಬದಲಿಸಿದ್ದು ನಡುವಿನ ಒಂದೇ ಬೆರಳು.

ಹುಡುಗ ಕರಿ ಒಂದರಿಂದ ತಾನೇ ಎಣಿಸಿದ. ಕರಿ ಒಂದು, ಬಿಳಿ ನಾಲ್ಕು, ಕರಿ ನಾಲ್ಕು. ಕೀಬೋರ್ಡಿನ ಪರದೆಯ ಮೇಲೆ ಸಿ ಶಾರ್ಪ್ ಎಂದು ಬಂತು. ಅವನ ಮುಖ ನೋಡಬೇಕಿತ್ತು.

ಹೆಸರನ್ನು ಓದುವುದಕ್ಕೂ ಒಂದು ರೀತಿ ಇದೆ. ಬರೀ 'ಸಿ' ಎಂದಿದ್ದರೆ ಮೇಜರ್ ಎಂದೇ ಅರ್ಥ, ಆ ಮಾತನ್ನು ಹೇಳದೆ ಬಿಟ್ಟಿರುತ್ತಾರೆ. ಪಕ್ಕದಲ್ಲಿ ಚಿಕ್ಕ 'ಎಂ' ಇದ್ದರೆ ಮೈನರ್. '7' ಎಂದಿದ್ದರೆ ಮೂರರ ಜೊತೆ ನಾಲ್ಕನೆಯದಾಗಿ ಕೋಮಲ ನಿಷಾದ ಸೇರಿಸಬೇಕು. ಶುದ್ಧ ನಿಷಾದ ಬೇಕಿದ್ದರೆ 'ಮೇಜರ್ ಸೆವೆನ್' ಎಂದೇ ಬರೆದಿರುತ್ತಾರೆ. 'ಸಸ್ ಫೋರ್' ಎಂದರೆ ಗಾಂಧಾರ ಬಿಟ್ಟು ಆ ಜಾಗದಲ್ಲಿ ಮಧ್ಯಮ: ಸ, ಮ, ಪ. ಹೆಸರಿನ ಮೊದಲ ಅಕ್ಷರ ಮೂಲ ಸ್ವರದ್ದು, ಅಂದರೆ ಮನೆಯ ಯಜಮಾನನದು. ಮನೆ ಮಂದಿ ಯಾವ ಕ್ರಮದಲ್ಲಿ ಕುಳಿತರೂ ಮನೆತನ ಬದಲಾಗದಂತೆ ಸ-ಗ-ಪ ಎಂದು ಹಿಡಿದರೂ, ಗ-ಪ-ಸ ಎಂದು ಹಿಡಿದರೂ, ಪ-ಸ-ಗ ಎಂದು ಹಿಡಿದರೂ ಅದು ಸಿ ಮೇಜರೇ.

ಇಂಗ್ಲಿಷ್ ಅಕ್ಷರಗಳು ಹೆಸರಿದ್ದಂತೆ, ನಮ್ಮ ಸರಿಗಮ ಸಂಬಂಧವಿದ್ದಂತೆ. ಒಬ್ಬನೇ ಮನುಷ್ಯ ಒಂದು ಮನೆಗೆ ಅಳಿಯ, ಇನ್ನೊಂದಕ್ಕೆ ಮಾವ, ಮತ್ತೊಂದಕ್ಕೆ ಕಾಕಾ. ಬಿಳಿ ಮೂರು, ಅಂದರೆ 'ಇ', ಸಿ ಮೇಜರಿನ ಮನೆಯಲ್ಲಿ ಗಾಂಧಾರ. ಎ ಮೈನರಿನ ಮನೆಯಲ್ಲಿ ಪಂಚಮ. ತನ್ನದೇ ಇ ಮೇಜರಿನಲ್ಲಿ ಷಡ್ಜ. ಮೊದಲು ಲಿಂಗಸುಗೂರು ತಾಲ್ಲೂಕಿನ ಒಂದು ಊರಾಗಿದ್ದ ಮಸ್ಕಿ ಈಗ ತಾನೇ ತಾಲ್ಲೂಕು ಕೇಂದ್ರ ಅಲ್ಲವೇ, ಹಾಗೆ.

ಮಸ್ಕಿಯವರಿಗೆ ಹೆಸರಿನ ವಿಷಯ ಹೊಸದೇನಲ್ಲ. 1915ರಲ್ಲಿ ಚಿನ್ನದ ಗಣಿಗಾಗಿ ಜಾಗ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಇಲ್ಲಿನ ಬಂಡೆಯ ಮೇಲಿದ್ದ ಶಾಸನವನ್ನು ಕಂಡ. ಅದಕ್ಕೂ ಮೊದಲು ದೇಶದ ಹಲವು ಕಡೆ ಸಿಕ್ಕಿದ್ದ ಅಂಥ ಶಾಸನಗಳಲ್ಲಿ ರಾಜನಿಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ದೇವಾನಾಂಪ್ರಿಯನ ಜೊತೆಗೆ ಅಶೋಕ ಎಂಬ ಹೆಸರೂ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಎರಡು ಹೆಸರು, ಒಬ್ಬನೇ ಮನುಷ್ಯ. ಕಾರ್ಡುಗಳಲ್ಲೂ ಇಂಥದ್ದು ಇದೆ. ಎ, ಸಿ, ಇ, ಜಿ ಎಂಬ ನಾಲ್ಕು ಸ್ವರಗಳನ್ನು ಎ ಮೈನರ್ ಸೆವೆನ್ ಎನ್ನಬಹುದು, ಸಿ ಸಿಕ್ಸ್ ಎಂದೂ ಅನ್ನಬಹುದು. ಯಾವುದು ಸರಿ? ಕೆಳಗೆ ಮಂದ್ರದಲ್ಲಿ ಯಾವ ಸ್ವರ ನಿಂತಿದೆ, ಹಾಡು ಎಲ್ಲಿಂದ ಬಂದು ಎಲ್ಲಿಗೆ ಹೊರಟಿದೆ ಎಂದು ನೋಡಿ ಹೇಳಬೇಕು.

ಇಷ್ಟು ತಿಳಿದ ಮೇಲೆ ಹುಡುಗನಿಗೆ ತಡೆಯೇ ಇರಲಿಲ್ಲ. ಸ, ಮ, ಪ ಮೂರನ್ನು ಯಜಮಾನರನ್ನಾಗಿ ಮಾಡಿ ಮೂರು ಮೇಜರ್ ಕಾರ್ಡ್ ಹಿಡಿದರೆ ಸ-ಗ-ಪ, ಮ-ದ-ಸ, ಪ-ನಿ-ರಿ ಎಂದು ಏಳೂ ಶುದ್ಧ ಸ್ವರಗಳು ಬಂದುಬಿಡುತ್ತವೆ. ಮೂರೇ ಕಾರ್ಡಿನಲ್ಲಿ ಎಷ್ಟೋ ಸಿನಿಮಾ ಹಾಡುಗಳನ್ನು ನಡೆಸಬಹುದು. ಅವನು ನಡೆಸಿದ. ಒಂದು ಅಮಾವಾಸ್ಯೆಯ ರಾತ್ರಿ ಕೀಬೋರ್ಡನ್ನು ಭಜನೆಗೂ ತಂದ.

ನಮ್ಮ ಭಜನೆಯಲ್ಲಿ ತತ್ವಪದ ಹಾಡುವವರು ಈಗ ಒಬ್ಬರೇ ಉಳಿದಿದ್ದಾರೆ. ಎಲ್ಲರೂ ಅವರನ್ನು ತಾತ ಎನ್ನುತ್ತೇವೆ. ಕಡಕೋಳ ಮಡಿವಾಳಪ್ಪನವರ ಪದಗಳು ಅವರಿಗೆ ಪುಸ್ತಕವಿಲ್ಲದೆ ಬರುತ್ತವೆ. ಕೈಯಲ್ಲಿ ಏಕತಾರಿ, ಪಕ್ಕದಲ್ಲಿ ದಮ್ಮಡಿ, ಶ್ರುತಿ ಕರಿ ಒಂದು. ಅಂದು ಹುಡುಗ ಕರಿ ಒಂದು, ಬಿಳಿ ನಾಲ್ಕು, ಕರಿ ನಾಲ್ಕನ್ನು ಅದುಮಿ ಹಿಡಿದ. ಕಿವಿಗೆ ತುಂಬಿದ ಹಾಗಾಯಿತು. ಸುತ್ತ ಕುಳಿತ ಹುಡುಗರಿಗೆ ಬಹಳ ಇಷ್ಟವಾಯಿತು. ತಾತ ಎರಡು ನುಡಿ ಹಾಡಿ ಏಕತಾರಿ ಕೆಳಗಿಟ್ಟರು.

'ಏನದು ತಮ್ಮಾ, ಮೂರು ಮೂರು ಒತ್ತತಿ?'

'ಕಾರ್ಡ್ ತಾತಾ.'

'ರೇಷನ್ ಕಾರ್ಡೇನಪಾ?' ಎಂದು ನಕ್ಕರು. ಆಮೇಲೆ ನಗಲಿಲ್ಲ. 'ನಾ ಕುಂದ್ರೋ ಜಾಗದಾಗ ನೀ ಮೊದ್ಲೇ ಕುಂತ್ರ ನಾ ಎಲ್ಲಿ ಕುಂದ್ರಲಿ? ಇದು ಇದ್ದರ ನಾ ಒಲ್ಲೆ.'

ಮುಂದಿನ ಸಲ ಅವರು ಬರಲಿಲ್ಲ. ಹುಡುಗನೂ ಮುನಿಸಿಕೊಂಡ. ತಾತ ಬರದಿದ್ದರೆ ಪದಗಳು ಹೋಗುತ್ತವೆ, ಹುಡುಗ ಬರದಿದ್ದರೆ ಆ ಪದಗಳನ್ನು ಕೇಳಿ ಹಿಡಿದುಕೊಳ್ಳುವವರೇ ಇಲ್ಲ. ಹಿರಿಯರ ಹಟ, ಹುಡುಗರ ಹುರುಪು ಎಂದು ಕೆಲವರು ಆಡಿಕೊಂಡರು. ಆದರೆ ತಾತ ಹೇಳಿದ ಜಾಗ ಯಾವುದು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆ ಜಾಗ ನಡುವಿನ ಸ್ವರದ್ದು. ತಂಬೂರಿಯನ್ನು ಸಾಮಾನ್ಯವಾಗಿ ಪ-ಸ-ಸ-ಸ ಎಂದು ಶ್ರುತಿ ಮಾಡುತ್ತಾರೆ. ಏಕತಾರಿಯಲ್ಲಂತೂ ಬರೀ ಸ. ಅಂದರೆ ನಮ್ಮ ಶ್ರುತಿವಾದ್ಯಗಳು ಸಿಂಧನೂರು ಲಿಂಗಸುಗೂರುಗಳನ್ನು ತೋರಿಸಿ ಸುಮ್ಮನಾಗುತ್ತವೆ. ಮಸ್ಕಿ ಎಲ್ಲಿದೆ ಎಂದು ಹೇಳುವ ಹಕ್ಕು ಹಾಡುವವರದು. ಗಾಂಧಾರ ಕೋಮಲವೋ ಶುದ್ಧವೋ, ಎರಡರ ನಡುವೆ ಜಾರುತ್ತದೋ, ಒಂದೇ ಪದದಲ್ಲಿ ಒಮ್ಮೆ ಹೀಗೆ ಒಮ್ಮೆ ಹಾಗೆ ಬರುತ್ತದೋ, ಅದು ಅವರ ಬಾಯಲ್ಲಿ ತೀರ್ಮಾನವಾಗುತ್ತದೆ. ಮೂರು ಬೆರಳು ಒತ್ತಿದ ಕೂಡಲೇ ಹಾಡುವ ಮೊದಲೇ ತೀರ್ಮಾನ ಮುಗಿದಿರುತ್ತದೆ.

ಇದರಲ್ಲಿ ಲೆಕ್ಕವೂ ಇದೆ. ಕೀಬೋರ್ಡಿನ ಒಂದು ಹೆಜ್ಜೆಯನ್ನು 100 ಸೆಂಟ್ ಎಂದು ಅಳೆಯುತ್ತಾರೆ. ಅದರ ಗಾಂಧಾರ 400 ಸೆಂಟಿನಲ್ಲಿದೆ. ಷಡ್ಜದೊಂದಿಗೆ ಪೂರ್ತಿ ಬೆರೆಯುವ, 5ಕ್ಕೆ 4ರ ಅನುಪಾತದ ಗಾಂಧಾರ ಇರುವುದು ಸುಮಾರು 386ರಲ್ಲಿ. ತಂತಿಗೆ ಕಿವಿಗೊಟ್ಟು ಹಾಡುವವರು ಅತ್ತ ಎಳೆಯುತ್ತಾರೆ, ಕೀಬೋರ್ಡು ಇತ್ತ ಎಳೆಯುತ್ತದೆ. ಪಂಚಮದಲ್ಲಿ ಈ ಜಗಳವಿಲ್ಲ: ಕೀಬೋರ್ಡಿನದು 700, ಶುದ್ಧವಾದದ್ದು 702. ತುದಿಗಳಲ್ಲಿ ರಾಜಿ, ತಕರಾರೆಲ್ಲ ನಡುವೆ.

ಹಾರ್ಮೋನಿಯಂ ಮೇಲೂ ಇಂಥದೇ ಆಕ್ಷೇಪ ಇತ್ತು. ಜಾರುವ ಸ್ವರಗಳನ್ನು ಅದು ನುಡಿಸಲಾರದು, ಅದರ ಶ್ರುತಿ ನಮ್ಮದಲ್ಲ ಎಂಬ ವಾದಗಳ ನಡುವೆ 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. 1971ರವರೆಗೆ ಅದು ಸಡಿಲವಾಗಲಿಲ್ಲ. ಅಷ್ಟೂ ವರ್ಷ ನಮ್ಮ ಭಜನೆಗಳಲ್ಲಿ ಪೇಟಿ ನಿಶ್ಚಿಂತೆಯಿಂದ ನಡೆದಿತ್ತು. ಪೇಟಿಯೂ ಹೊರಗಿನಿಂದ ಬಂದದ್ದೇ, ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆನ್ 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅಲ್ಲಿ ಕಾಲಿನಿಂದ ಗಾಳಿ ಒತ್ತುತ್ತಿದ್ದರು, ಎರಡೂ ಕೈ ಖಾಲಿ, ಕಾರ್ಡುಗಳು ಹೇರಳ. ನಮ್ಮಲ್ಲಿ ನೆಲದ ಮೇಲೆ ಕುಳಿತು ಬಾರಿಸುವ ಪೇಟಿ ಬಂದಾಗ ಎಡಗೈ ಗಾಳಿ ಹಾಕುವ ಕೆಲಸಕ್ಕೆ ಹೋಯಿತು. ಉಳಿದ ಬಲಗೈ ಹಾಡುವವರ ಬೆನ್ನು ಹತ್ತಿತು. ಕಾರ್ಡುಗಳು ಹಿಂದೆ ಸರಿದವು. ಈಗ ಕರೆಂಟಿನ ಕೀಬೋರ್ಡಿನಲ್ಲಿ ಎಡಗೈಗೆ ಮತ್ತೆ ಬಿಡುವು ಸಿಕ್ಕಿದೆ. ಬಿಡುವು ಸಿಕ್ಕ ಕೈ ಸುಮ್ಮನಿರುವುದು ಕಷ್ಟ. ಕೆಲವು ಕ್ಯಾಸಿಯೊಗಳಲ್ಲಿ ಒಂದೇ ಬೆರಳು ಒತ್ತಿದರೂ ಮೇಜರ್ ಕಾರ್ಡ್ ಪೂರ್ತಿ ನುಡಿಯುತ್ತದೆ, ನಡುವಿನ ಸ್ವರವನ್ನು ನಮ್ಮನ್ನು ಕೇಳದೆಯೇ ಯಂತ್ರ ಹಾಕಿಬಿಡುತ್ತದೆ.

ಹುಡುಗನನ್ನು ಕರೆದು ಕೂರಿಸಿಕೊಂಡೆ. ಕಾರ್ಡಿನ ಹೆಸರುಗಳಲ್ಲಿ 'ಫೈವ್' ಎಂದೊಂದಿದೆ. ಸಿ ಫೈವ್ ಎಂದರೆ ಸ ಮತ್ತು ಪ ಮಾತ್ರ, ನಡುವೆ ಏನೂ ಇಲ್ಲ. ಗಿಟಾರಿನವರು ಪವರ್ ಕಾರ್ಡ್ ಎನ್ನುವುದು ಇದನ್ನೇ. 'ನಿನ್ನ ಪವರ್ ಕಾರ್ಡೂ ತಾತನ ಶ್ರುತೀನೂ ಒಂದೇ' ಎಂದೆ. ಆಮೇಲೆ ರಾಗಗಳನ್ನು ಹಿಡಿದು ನೋಡಿದೆವು. ಮಾಲಕಂಸದಲ್ಲಿ ಪಂಚಮವೇ ಇಲ್ಲ. ಅಲ್ಲಿ ಸ ಮೇಲೆ ಮೈನರ್ ಹಿಡಿದರೆ ರಾಗಕ್ಕೆ ಬೇಡದ ಪಂಚಮ ನುಗ್ಗುತ್ತದೆ. ಅದೇ ಮಧ್ಯಮವನ್ನು ಯಜಮಾನನನ್ನಾಗಿ ಮಾಡಿ ಮೈನರ್ ಹಿಡಿದರೆ ಮ, ಕೋಮಲ ದ, ಸ, ಮೂರೂ ಆ ರಾಗದವೇ. ದುರ್ಗಾದಲ್ಲಿ ಗಾಂಧಾರವಿಲ್ಲ, ಸ ಮೇಲೆ ಮೇಜರೂ ಸಲ್ಲದು, ಮೈನರೂ ಸಲ್ಲದು, ಸ-ಮ-ಪ ಸಲ್ಲುತ್ತದೆ. ಭೂಪಾಲಿಯಲ್ಲಿ ಸ-ಗ-ಪ ಮೇಜರೂ ದ-ಸ-ಗ ಮೈನರೂ ಎರಡೂ ಕೂಡುತ್ತವೆ. ಮೈನರ್ ಎಂದರೆ ದುಃಖ ಎಂದು ಅವನು ಎಲ್ಲೋ ಕೇಳಿದ್ದ. ಕೋಮಲ ಗಾಂಧಾರದ ಭೀಮಪಲಾಸಿಯಲ್ಲಿ ಎಷ್ಟು ಭಜನೆಗಳು ಕುಣಿಯುತ್ತವೆ ಎಂದು ಬಾರಿಸಿ ತೋರಿಸಿದೆ.

ತಾತನ ಮನೆಗೆ ಇಬ್ಬರೂ ಹೋದೆವು. ಕಟ್ಟೆಯ ಮೇಲೆ ಕೀಬೋರ್ಡ್ ಇಟ್ಟು ಹುಡುಗ ಕರಿ ಒಂದು ಮತ್ತು ಕರಿ ನಾಲ್ಕನ್ನು ಮಾತ್ರ ಮೆಲ್ಲಗೆ ಹಿಡಿದ. ತಾತ ಸ್ವಲ್ಪ ಹೊತ್ತು ಕೇಳಿದರು, ಹೊಂದಿಸಿಕೊಂಡು ಒಂದು ಪದ ಹಾಡಿದರು. ಒಂದು ನುಡಿಯ ಕೊನೆಗೆ ಶುದ್ಧ ಗಾಂಧಾರದ ಮೇಲೆ ಬಂದು ನಿಂತರು. ಆಗ ಹುಡುಗ ಬಿಳಿ ನಾಲ್ಕರ ಮೇಲೆ ಬೆರಳಿಟ್ಟ.

'ಈಗ ಕುಂದ್ರು,' ಎಂದರು ತಾತ. 'ನಾ ಕುಂತ ಮ್ಯಾಲ.'

ಅವರು ಮತ್ತೆ ಭಜನೆಗೆ ಬರುತ್ತಿದ್ದಾರೆ. ಕೀಬೋರ್ಡು ಅವರಿಗೆ ಪೂರ್ತಿ ಒಗ್ಗಿದೆ ಎಂದೇನಲ್ಲ; ಕೆಲವು ಪದಗಳಿಗೆ ಕೈ ಅಡ್ಡ ಮಾಡುತ್ತಾರೆ, ಹುಡುಗ ನಿಲ್ಲಿಸುತ್ತಾನೆ. ಅವನ ನೋಟ್‌ಬುಕ್ಕಿನಲ್ಲಿ ಈಗ ಪದದ ಮೊದಲ ಸಾಲು, ಪಕ್ಕದಲ್ಲಿ ಶ್ರುತಿ, ಮೇಲೆ ಕಾರ್ಡಿನ ಹೆಸರುಗಳು ಇವೆ. ನಡುವಿನ ಬೆರಳು ಎತ್ತಬೇಕಾದ ಕಡೆ ಒಂದು ಸಣ್ಣ ಸೊನ್ನೆ ಹಾಕಿರುತ್ತಾನೆ. ಹೋದ ವಾರ ಎಣಿಸಿದಾಗ 31 ಪದಗಳಾಗಿದ್ದವು. ಇನ್ನೂ ಎಷ್ಟಿವೆ ಎಂದು ಕೇಳಿದರೆ ತಾತ 'ಹಾಡಿದಂಗ ನೆನಪಾಗ್ತಾವ' ಎನ್ನುತ್ತಾರೆ.