ಸೊಂಟ ನೀವುವ ಕೈ

ನಮ್ಮ ತುಮಕೂರು ಸೀಮೆಯಲ್ಲಿ ಮುಟ್ಟಿನ ಹೊಟ್ಟೆನೋವಿಗೆ ಮೊದಲ ಮದ್ದು ಕೈಯೇ ಆಗಿತ್ತು. ಅಜ್ಜಿಯದೋ, ದೊಡ್ಡಮ್ಮನದೋ, ಊರ ಸೂಲಗಿತ್ತಿಯದೋ. ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು, ಹುಡುಗಿಯನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಬೆನ್ನುಮೂಳೆಯ ಎರಡೂ ಬದಿಗೆ ಅಂಗೈ ಬುಡ ಊರಿ ಸೊಂಟದಿಂದ ಕೆಳಕ್ಕೆ ನೀವುತ್ತಿದ್ದರು. ಅಂಗಾತ ಮಲಗಿಸಿದ ಮೇಲೆ ಕೈ ಹಗುರವಾಗುತ್ತಿತ್ತು. ಕಿಬ್ಬೊಟ್ಟೆಯನ್ನು ಒತ್ತುವಂತಿಲ್ಲ, ಸುತ್ತ ಸವರಬೇಕು ಅಷ್ಟೆ. ಆಮೇಲೆ ಹೆಂಚಿನ ಮೇಲೆ ಕಾಯಿಸಿದ ಬಟ್ಟೆಯ ಕಾವು, ಒಂದು ಲೋಟ ಜೀರಿಗೆ ಕಷಾಯ.

ಕೈ ಆಡುವಾಗ ಬಾಯಿ ವಿಚಾರಿಸಿಕೊಳ್ಳುತ್ತಿತ್ತು. "ಉಸಿರು ಬಿಗಿಹಿಡೀಬೇಡ ಕಣೇ, ಬಿಡು. ಹೋದ ತಿಂಗಳು ಯಾವತ್ತು ಆಗಿದ್ದು? ಗಡ್ಡೆಗಡ್ಡೆಯಾಗಿ ಹೋಗ್ತಿದ್ಯಾ?" ಹದಿಮೂರರ ಹುಡುಗಿಯನ್ನು ಅವಳ ಮೈಯ ಬಗ್ಗೆ ಬೇರೆ ಯಾರೂ ಇಷ್ಟು ನೇರವಾಗಿ ಕೇಳುತ್ತಿರಲಿಲ್ಲ. ಮೂರು ದಿನ ಹೊರಗೆ ಕೂರಿಸುವ ಮನೆ ನಮ್ಮದು. ಆದರೂ ಅಜ್ಜಿ ಹಿತ್ತಲಿಗೆ ಬಂದು ನನ್ನ ಸೊಂಟ ತಿಕ್ಕಿ, ಸ್ನಾನ ಮಾಡಿ ಒಲೆ ಮುಂದೆ ಹೋಗುತ್ತಿದ್ದಳು. ಮಡಿಗೆ ನಾಲ್ಕು ಚೆಂಬು ನೀರಿನ ಬೆಲೆ ಕಟ್ಟಿದ್ದಳು.

ಹೆರಿಗೆ ಆಸ್ಪತ್ರೆ ಸೇರಿದ್ದು ಒಳ್ಳೆಯದೇ ಆಯಿತು. ಎಷ್ಟೋ ತಾಯಂದಿರ ಜೀವ ಉಳಿಯಿತು. ಆದರೆ ಸೂಲಗಿತ್ತಿ ಮನೆಗೆ ಬರುವುದು ಅಲ್ಲಿಗೆ ನಿಂತಿತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಮಾಡಿಸಿದ ಸಾವಿರಾರು ಹೆರಿಗೆಗಳನ್ನು ನಾಡು ಮೆಚ್ಚಿತು. ಹೆರಿಗೆಯಿಲ್ಲದ ದಿನಗಳಲ್ಲಿ ಊರೂರಿನ ಸೂಲಗಿತ್ತಿಯರು ಮಾಡುತ್ತಿದ್ದ ಇಂಥ ಸಣ್ಣ ಕೆಲಸಗಳ ಲೆಕ್ಕವನ್ನು ಯಾರೂ ಇಡಲಿಲ್ಲ. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವವರು ದುಡ್ಡು ಕೊಟ್ಟರೆ ಈಗಲೂ ಸಿಗುತ್ತಾರೆ. ಮುಟ್ಟಾದವಳ ಸೊಂಟ ನೀವುವವರು ಸಿಗುವುದಿಲ್ಲ.

ಪಿ.ಜಿ.ಯ ಹುಡುಗಿ ಇಂದು ಮೆಫೆನಾಮಿಕ್ ಆಸಿಡ್ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾಳೆ. ಅದರ ಮೇಲೆ ನನಗೆ ಮುನಿಸಿಲ್ಲ. ಗರ್ಭಕೋಶವನ್ನು ಹಿಂಡುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಮಾತ್ರೆ ಅದರ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಅಜ್ಜಿಯ ಕಾವೂ ಪರೀಕ್ಷೆಯಲ್ಲಿ ಪಾಸಾಗಿದೆ: ಹೊಟ್ಟೆಯ ಮೇಲಿನ ಹದವಾದ ಶಾಖ ಐಬುಪ್ರೊಫೆನ್ ಮಾತ್ರೆಗೆ ಸರಿಸಾಟಿಯಾಗಿ ನೋವು ತಗ್ಗಿಸಿತೆಂದು 2001ರ ಒಂದು ಅಧ್ಯಯನ ತೋರಿಸಿತು. ಮಾಲೀಸಿನ ಬಗ್ಗೆ ನಡೆದ ಅಧ್ಯಯನಗಳು ಸಣ್ಣವು. ನೋವು ಇಳಿದದ್ದು ಕಂಡಿದ್ದರೂ ಅದೇ ಚಿಕಿತ್ಸೆ ಎನ್ನುವಷ್ಟು ಪುರಾವೆಯಿಲ್ಲ.

ಅಜ್ಜಿಯ ಕೈಗೆ ಮಿತಿಯಿತ್ತು. "ಮದುವೆಯಾಗಿ ಒಂದು ಮಗುವಾದರೆ ಎಲ್ಲ ಸರಿಹೋಗುತ್ತೆ" ಎಂಬ ಮಾತಿನ ಕೆಳಗೆ ಎಂಡೊಮೆಟ್ರಿಯಾಸಿಸ್‌ನಂಥ ಕಾಯಿಲೆಗಳು ವರ್ಷಗಟ್ಟಲೆ ಅಡಗಿ ಕೂತವು. ನಾನು ಹಂಬಲಿಸುವುದು ಆ ಅಜ್ಞಾನಕ್ಕಲ್ಲ. ನೋವಿನವಳ ಪಕ್ಕ ಅರ್ಧ ಗಂಟೆ ಕೂರುತ್ತಿದ್ದ ವ್ಯವಧಾನಕ್ಕೆ.

ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿತು. ಸಂತೋಷ. ರಜೆ ಹಾಕಿ ಮಲಗಿದವಳ ಬಳಿ ಕೂರುವವರೂ ಬೇಕಲ್ಲ? ಮನೆಯಲ್ಲಿ ಅಜ್ಜಿಯಿದ್ದರೆ ಕೇಳಿ ಕಲಿತುಕೊಳ್ಳಿ, ಗಂಡಸರೂ ಕಲಿಯಲಿ. ನೋವು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಮುಟ್ಟಿಲ್ಲದ ದಿನವೂ ಕಾಡುತ್ತಿದ್ದರೆ, ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.