ರಿಫಿಲ್ಲಿನ ರಾಕೆಟ್ಟುಗಳು

1:72 ಅಳತೆಯ ಪ್ಲಾಸ್ಟಿಕ್ ಸೈನಿಕ ನಿಂತರೆ ಒಂದು ಅಂಗುಲಕ್ಕೂ ಚೂರು ಕಡಿಮೆ. ಪೆಟ್ಟಿಗೆಯಲ್ಲಿ ನನಗೆ ಸಿಗುತ್ತಿದ್ದವರು ಬಹುಪಾಲು ನೆಪೋಲಿಯನ್ ಕಾಲದ ಫ್ರೆಂಚರು, ಬ್ರಿಟಿಷರು. ಮೈಸೂರಿನ ಸಿಪಾಯಿ ಬೇಕಿದ್ದರೆ ಅವರನ್ನೇ ಕತ್ತರಿಸಿ, ತಿದ್ದಿ ಮಾಡಿಕೊಳ್ಳಬೇಕು. ಈ ಹವ್ಯಾಸದವರ ಬಾಯಲ್ಲಿ ಇದು ಕನ್ವರ್ಷನ್. ಎತ್ತರದ ಟೋಪಿಯನ್ನು ಬ್ಲೇಡಿನಿಂದ ಕೆತ್ತಿ ತೆಗೆದು, ಎಂ-ಸೀಲ್ ಕಲಸಿ ಎಳೆಯಾಗಿ ಹೊಸೆದು ತಲೆಗೆ ಸುತ್ತಿದರೆ ಮುಂಡಾಸು. ಅದು ಗಟ್ಟಿಯಾಗುವುದರೊಳಗೆ ಸೂಜಿಮೊನೆಯಿಂದ ಬಟ್ಟೆಯ ಮಡಿಕೆ ಮೂಡಿಸಬೇಕು. ಅಷ್ಟು ಹೊತ್ತು ಬೇರೇನೂ ನೆನಪಿಗೆ ಬರುವುದಿಲ್ಲ.

ನಾನು ಮಾಡಹೊರಟದ್ದು ಟಿಪ್ಪುವಿನ ರಾಕೆಟ್ ದಳ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನವನ್ನು ಹುಡುಗನಾಗಿ ನೋಡಿದಾಗಿನಿಂದ ಇದ್ದ ಆಸೆ. ಊರಿನ ಶಾಲೆಯೊಂದರಲ್ಲಿ ವಸ್ತುಪ್ರದರ್ಶನ ಇದೆ ಎಂದು ತಿಳಿದದ್ದೇ ತಡ, ಒಪ್ಪಿಕೊಂಡುಬಿಟ್ಟೆ. ಕೈ ಪಳಗಿದೆ, ಇನ್ನೇನು ನೋಡುವುದಿದೆ ಎಂಬ ಧೈರ್ಯ. ಬಾಲ್‌ಪೆನ್ ರಿಫಿಲ್ಲನ್ನು ತುಂಡು ಮಾಡಿ ಪೊರಕೆಕಡ್ಡಿಗೆ ಅಂಟಿಸಿದೆ, ರಾಕೆಟ್ ಆಯಿತು. ಅಂಗಿಗೆ ನೇರಳೆ ಬಣ್ಣ ಬಳಿದು, ಮೈಸುತ್ತ ಬಿಳಿ ಪಟ್ಟೆ ಎಳೆದೆ.

ಪ್ರದರ್ಶನದ ದಿನ ಮಕ್ಕಳು ಮುಟ್ಟಿ ನೋಡಿದರು. ಮುಟ್ಟದೆ ಇರುತ್ತಾರೆಯೇ? ಮೆತ್ತನೆಯ ಪಾಲಿಥೀನ್ ಕೋವಿ ಬಾಗಿದಾಗ ಅದರ ಮೇಲಿನ ಬಣ್ಣ ಸಿಪ್ಪೆಯಾಗಿ ಎದ್ದಿತು. ಒಬ್ಬ ಹುಡುಗನ ಹೆಬ್ಬೆರಳಿಗೆ ನೇರಳೆಯ ಚಕ್ಕೆ ಮೆತ್ತಿಕೊಂಡಿತು. ಅವನು ಹೆದರಿ ಕೈ ಹಿಂದಕ್ಕೆ ಎಳೆದುಕೊಂಡ. ತಪ್ಪು ಅವನದಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನನಗೆ ಇಂದಿಗೂ ಚುಚ್ಚುವುದು ಅದೇ. ಅಚ್ಚಿನ ಜಿಡ್ಡು ಹೋಗುವಂತೆ ಗೊಂಬೆಗಳನ್ನು ಸೋಪುನೀರಿನಲ್ಲಿ ತೊಳೆಯದೆ ಬಣ್ಣ ಹಚ್ಚಿದವನು ನಾನು.

ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಬಹಳ ಹೊತ್ತು ಬಗ್ಗಿ ನೋಡಿದರು. “ಶಿವಮೊಗ್ಗದ ಮ್ಯೂಸಿಯಮ್ಮಿನಲ್ಲಿರೋ ರಾಕೆಟ್ ನೋಡಿದ್ದೀರಾ?” ಎಂದರು. ನೋಡಿರಲಿಲ್ಲ.

ಹೊಸನಗರ ತಾಲೂಕಿನ ನಗರ ಎಂಬ ಊರಿನ ಪಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಮೇಷ್ಟ್ರು ಕೇಳಿದ್ದು ಅವನ್ನೇ. ಕಬ್ಬಿಣದ ಆ ಕೊಳವೆಗಳ ಉದ್ದ ಸುಮಾರು 23ರಿಂದ 26 ಸೆಂಟಿಮೀಟರ್. 72ರಿಂದ ಭಾಗಿಸಿದರೆ ಮೂರೂವರೆ ಮಿಲಿಮೀಟರ್ ಆಸುಪಾಸು. ನಾನು ಅಂಟಿಸಿದ್ದ ರಿಫಿಲ್ ತುಂಡು ಒಂದೂವರೆ ಸೆಂಟಿಮೀಟರ್ ಇತ್ತು. ಲೆಕ್ಕ ಹಾಕಿದರೆ ಮೂರೂವರೆ ಅಡಿಯ ರಾಕೆಟ್. ಪಟ್ಟೆಯೂ ತಪ್ಪಾಗಿತ್ತು. ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯದ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ 1790ರ ದಶಕದಲ್ಲಿ ಟಿಪ್ಪುವಿನ ಸಿಪಾಯಿಗಳನ್ನು ಬರೆದಿದ್ದಾನೆ. ಅಲ್ಲಿನ ಹುಲಿಪಟ್ಟೆ ಮೈಸುತ್ತ ಓಡುವ ಗೆರೆಯಲ್ಲ. ಅಂಗಿಯ ತುಂಬ ಬಿಡಿಬಿಡಿಯಾಗಿ ಚೆಲ್ಲಿದ ಪುಟ್ಟ ಗುರುತುಗಳು. ಆ ರಾಕೆಟ್ಟನ್ನು ಹೊತ್ತು ನಡೆದವರು ಇದ್ದರು. ಅವರ ಹೆಗಲ ಭಾರವನ್ನೇ ನಾನು ಸುಳ್ಳು ಮಾಡಿದ್ದೆ. ಕೈಚಳಕ ಎಷ್ಟಿದ್ದೂ ಅದು ಮುಚ್ಚಿಹೋಗುವ ತಪ್ಪಲ್ಲ.

ಈಗ ಹಳೆಯ ಬಣ್ಣವನ್ನೆಲ್ಲ ಸುಲಿದು, ತೊಳೆದು, ತೆಳುವಾಗಿ ಫೆವಿಕಾಲ್ ನೀರು ಸವರಿ ಒಣಗಿಸಿದ್ದೇನೆ. ಕೋವಿ ಬಾಗಿದರೂ ಬಣ್ಣ ಅಷ್ಟು ಸುಲಭಕ್ಕೆ ಬಿರಿಯುವುದಿಲ್ಲ. ಕರೆಂಟ್ ವೈರಿನ ತಾಮ್ರದ ಎಳೆಯನ್ನು ಸ್ಕೇಲಿಟ್ಟು ಕತ್ತರಿಸಿದರೆ ಕೊಳವೆ. ಹಲ್ಲುಜ್ಜುವ ಬ್ರಷ್ಷಿನ ಎಳೆಯೇ ಬಿದಿರುಕೋಲು. ಚಿಮಟದಲ್ಲಿ ಹಿಡಿದು ಅಂಟಿಸುವಾಗ ಉಸಿರಿಗೇ ಹಾರಿಹೋಗುತ್ತವೆ, ಮತ್ತೆ ಕತ್ತರಿಸುತ್ತೇನೆ. ದಳ ಪೂರ್ತಿಯಾದ ಮೇಲೆ ಮೊದಲು ಆ ಮೇಷ್ಟ್ರ ಮನೆಗೆ ಒಯ್ಯಬೇಕು. ಶಾಲೆಗೆ ಆಮೇಲೆ.