ಹದಿನೆಂಟು ಪೈಸೆ ಕೇಳುವುದು ಹೇಗೆ?

ಹಿಂದೆಲ್ಲ ಪೆಟ್ರೋಲ್, ಡೀಸೆಲ್ ಬೆಲೆ ಏರುವುದಕ್ಕೂ ಒಂದು ಗತ್ತಿತ್ತು. ರಾತ್ರಿಯ ವಾರ್ತೆಯಲ್ಲಿ ‘ಇಂದು ಮಧ್ಯರಾತ್ರಿಯಿಂದ ಜಾರಿಗೆ’ ಎಂಬ ಮಾತು ಬಿದ್ದದ್ದೇ ತಡ, ಊರಿನ ಸ್ಕೂಟರುಗಳೆಲ್ಲ ಬಂಕಿನ ಮುಂದೆ ಸಾಲುಗಟ್ಟುತ್ತಿದ್ದವು. ‘ಸ್ಟಾಕ್ ಇಲ್ಲ’ ಎಂಬ ಬೋರ್ಡು ತೂಗುಬೀಳುತ್ತಿದ್ದುದೂ ಸರಿಯಾಗಿ ಅದೇ ಹೊತ್ತಿಗೆ. ಮಾರನೆಯ ದಿನ ಮೆರವಣಿಗೆ, ಧಿಕ್ಕಾರ. 1973ರ ನವೆಂಬರಿನಲ್ಲಿ ವಾಜಪೇಯಿಯವರು ಎತ್ತಿನ ಗಾಡಿ ಏರಿ ಸಂಸತ್ತಿಗೆ ಹೋದದ್ದು ಇಂಥದೇ ಒಂದು ಏರಿಕೆಯ ವಿರುದ್ಧ. ಬೈಯಲು ಒಂದು ತಾರೀಖಿತ್ತು, ಬೈಸಿಕೊಳ್ಳಲು ಒಬ್ಬ ಮಂತ್ರಿ ಇದ್ದರು.

2010ರ ಜೂನಿನಲ್ಲಿ ಪೆಟ್ರೋಲು, 2014ರ ಅಕ್ಟೋಬರಿನಲ್ಲಿ ಡೀಸೆಲು ಸರ್ಕಾರದ ಹಿಡಿತದಿಂದ ಬಿಡುಗಡೆಯಾದವು. 2017ರ ಜೂನ್ 16ರಿಂದ ದೇಶದಾದ್ಯಂತ ದಿನವೂ ಬೆಳಿಗ್ಗೆ ಆರಕ್ಕೆ ಹೊಸ ದರ ಎಂದಾಯಿತು.

ಇದರ ಬಿಸಿ ತಟ್ಟಿದ್ದು ಕೋಲಾರದ ಕಡೆಯಿಂದ ಬೆಂಗಳೂರಿಗೆ ಟೊಮೆಟೊ ಸಾಗಿಸುವ ಟೆಂಪೊ ಮಾಲೀಕನಂಥವನಿಗೆ. ಮಾಲೀಕ ಎಂದರೆ ದೊಡ್ಡ ಮಾತಾಯಿತು. ಡ್ರೈವರೂ ಅವನೇ, ಕ್ಲೀನರೂ ಅವನೇ, ಸಾಲದ ಕಂತು ಕಟ್ಟುವವನೂ ಅವನೇ. ಮೊದಲಾದರೆ ಮಂಡಿಯವರ ಮುಂದೆ ನಿಂತು, ‘ಅಣ್ಣ, ಡೀಸೆಲ್ ಎರಡು ರೂಪಾಯಿ ಏರೈತೆ, ಬಾಡಿಗೆ ನೋಡಿ ಮಾಡಿ’ ಎನ್ನಬಹುದಿತ್ತು. ಅವರೂ ಪೇಪರು ಓದಿದವರೇ. ಒಂದಿಷ್ಟು ಗೊಣಗಿ ಒಪ್ಪುತ್ತಿದ್ದರು. ದಿನದ ದರ ಶುರುವಾದ ಮೇಲೆ ಒಂದು ಬೆಳಿಗ್ಗೆ ಹದಿನೆಂಟು ಪೈಸೆ, ಮಾರನೆಯ ಬೆಳಿಗ್ಗೆ ಇಪ್ಪತ್ತೆರಡು ಪೈಸೆ ಏರತೊಡಗಿತು. ಹದಿನೆಂಟು ಪೈಸೆ ಏರಿದೆ ಎಂದು ಯಾರ ಮುಂದೆ ಬಾಯಿ ಬಿಡುವುದು? ನಕ್ಕಾರು. ತಿಂಗಳು ಕಳೆದು ಲೆಕ್ಕ ಕೂಡಿಸುವಾಗ ಮೂರೋ ನಾಲ್ಕೋ ರೂಪಾಯಿ ಆಗಿರುತ್ತಿತ್ತು, ಅದು ಬಂದದ್ದು ಯಾವ ದಿನ ಎಂದು ತೋರಿಸಲು ಅವನ ಕೈಯಲ್ಲಿ ಒಂದು ಪೇಪರು ಚೂರೂ ಇರುತ್ತಿರಲಿಲ್ಲ.

ಮಾರುಕಟ್ಟೆಯ ನಿಯಮ, ಸರ್ಕಾರದ ಕೈಯಲ್ಲಿ ಏನೂ ಇಲ್ಲ ಎನ್ನುತ್ತಾರೆ. ಇರಬಹುದು. ಆದರೆ 2018ರಲ್ಲಿ ಕರ್ನಾಟಕ ವಿಧಾನಸಭೆಯ ಚುನಾವಣೆ ಬಂದಾಗ ಈ ಮಾರುಕಟ್ಟೆಗೆ ಹತ್ತೊಂಬತ್ತು ದಿನ ನಿದ್ದೆ ಹತ್ತಿತ್ತು. ಮೇ 12ಕ್ಕೆ ಮತದಾನ ಮುಗಿಯಿತು, 14ರ ಬೆಳಿಗ್ಗೆ ಎಚ್ಚರವಾಯಿತು. 2021ರ ನವೆಂಬರಿನಿಂದ 2022ರ ಮಾರ್ಚಿನವರೆಗೆ, ಉತ್ತರ ಪ್ರದೇಶದ ಚುನಾವಣೆ ಮುಗಿಯುವ ತನಕ, ಇನ್ನೂ ಗಾಢ ನಿದ್ದೆ.

ತೆರಿಗೆಯ ಕತೆ ಇದಕ್ಕಿಂತ ಸೊಗಸು. 2014ರ ನಡುವೆ ನೂರು ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಆರಂಭದಲ್ಲಿ ಮೂವತ್ತಕ್ಕಿಂತ ಕೆಳಗಿಳಿಯಿತು. ಇಳಿದ ಲಾಭ ಬಂಕಿನ ತನಕ ಬರಬೇಕಲ್ಲ? ಆ ಅವಧಿಯಲ್ಲಿ ಕೇಂದ್ರ ಒಂಬತ್ತು ಸಲ ಅಬಕಾರಿ ಸುಂಕ ಏರಿಸಿತು. 2014ರ ಮೇನಲ್ಲಿ ಲೀಟರ್ ಡೀಸೆಲ್ ಮೇಲೆ 3.56 ರೂಪಾಯಿ ಇದ್ದ ಸುಂಕ 2020ರ ಮೇನಲ್ಲಿ 31.83ಕ್ಕೆ ಮುಟ್ಟಿತು. 2021 ಮತ್ತು 2022ರಲ್ಲಿ ಒಟ್ಟು ಹದಿನಾರು ರೂಪಾಯಿ ಇಳಿಸಿದರು, ನಿಜ. ಜಾಹೀರಾತು ಬಂದದ್ದು ಇಳಿಕೆಗೆ ಮಾತ್ರ. ರಾಜ್ಯವೇನೂ ಹಿಂದೆ ಬಿದ್ದಿಲ್ಲ. 2024ರ ಜೂನಿನಲ್ಲಿ, ಮತ್ತೆ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿ ಶೇ 21.17ಕ್ಕೆ ತಂದಿತು. ದಿಲ್ಲಿಯಲ್ಲಿ ಆಳುವವರು ಇಲ್ಲಿ ಬೀದಿಗಿಳಿದರು, ಅಲ್ಲಿ ಕೂಗುವವರು ಇಲ್ಲಿ ಸಮಜಾಯಿಷಿ ಕೊಟ್ಟರು. ಬೊಕ್ಕಸಕ್ಕೆ ಹಣ ಬೇಕೆಂಬುದು ತಪ್ಪಲ್ಲ. ಬೇಕು ಎಂದು ಬಾಯಿಬಿಟ್ಟು ಹೇಳಿ ತೆಗೆದುಕೊಳ್ಳಬಹುದು.

ಕೋಲಾರದ ಸೀಮೆಯಲ್ಲಿ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು, ಬರಗಾಲಕ್ಕೆ ಬೇಕೆಂದು. ಮಂಗಳೂರು ಮತ್ತು ಉಡುಪಿ ಬಳಿಯ ಪಾದೂರಿನಲ್ಲಿ ಬಂಡೆ ಕೊರೆದು ಕಟ್ಟಿರುವುದೂ ತೈಲದ ಹಗೇವುಗಳನ್ನೇ. ವಿಶಾಖಪಟ್ಟಣದ್ದೂ ಸೇರಿ 53.3 ಲಕ್ಷ ಟನ್ ಹಿಡಿಸುತ್ತದೆ. ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗೂ ಹೆಚ್ಚು ಹೊರಗಿನಿಂದ ತರುವ ದೇಶಕ್ಕೆ ಇದು ಹತ್ತು ದಿನಕ್ಕೆ ಸಾಲದು. 2020ರ ಏಪ್ರಿಲ್-ಮೇನಲ್ಲಿ ತೈಲ ಮಣ್ಣಿನ ಬೆಲೆಗೆ ಬಂದಾಗ ಇವನ್ನು ತುಂಬಿಕೊಂಡದ್ದು ಜಾಣತನವೇ. ಅದೇ ಮೇ ತಿಂಗಳಲ್ಲಿ ಡೀಸೆಲ್ ಸುಂಕವನ್ನು ಒಂದೇ ಏಟಿಗೆ ಹದಿಮೂರು ರೂಪಾಯಿ ಏರಿಸಿದರು. ಹಗೇವು ತುಂಬಿತು, ಟೆಂಪೊದವನ ಟ್ಯಾಂಕಿಗೆ ಅಗ್ಗದ ಸುದ್ದಿ ಮುಟ್ಟಲೇ ಇಲ್ಲ.

2025ರ ಜನವರಿಯಲ್ಲಿ ಸರ್ಕಾರಿ ಬಸ್ಸುಗಳು ಪ್ರಯಾಣ ದರವನ್ನು ಶೇ 15ರಷ್ಟು ಏರಿಸಿಕೊಂಡವು. ಅದಕ್ಕೆ ಸಂಪುಟದ ಒಪ್ಪಿಗೆ ಇತ್ತು. ಏಪ್ರಿಲ್‌ನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದರು, ಅವರಿಗೆ ಸಂಘವಿತ್ತು. ಒಂಟಿ ಟೆಂಪೊದವನು ಒಂದು ದಿನ ನಿಂತರೆ ಹಣ್ಣು ಕೊಳೆಯುತ್ತದೆ, ಹಿಂದೆಯೇ ಇನ್ನೊಂದು ಟೆಂಪೊ ಕಾದಿರುತ್ತದೆ. ಹಾಗಾಗಿ ಅವನು ಬಾಡಿಗೆ ಏರಿಸುವ ಬದಲು ಕ್ರೇಟು ಏರಿಸುತ್ತಾನೆ. ನಲವತ್ತು ಹೇರುವ ಕಡೆ ಐವತ್ತು, ಹಗ್ಗ ಇನ್ನೊಂದು ಸುತ್ತು. ಸವೆದ ಟೈರನ್ನು ಮುಂದಿನ ತಿಂಗಳು ಬದಲಿಸಿದರಾಯಿತು ಎಂದುಕೊಂಡು ಕತ್ತಲಿರುವಾಗಲೇ ಹೆದ್ದಾರಿಗೆ ಇಳಿಯುತ್ತಾನೆ, ಪೊಲೀಸರು ನಿಲ್ಲುವ ಮೊದಲೇ ಹೊಸಕೋಟೆ ದಾಟಬೇಕೆಂದು.